ತೋಳನ ಗುಡ್ಡದ ಕನ್ನಡಿ

ಸೋಮವಾರ, ೫ ಜನವರಿ ೧೯೭೬

ಈ ಮುಲಕಿನ್ಯಾಗ ಮೊಟ್ಟಮೊದಲು ಟೆಲಿಫೋನಿನ್ಯಾಗ ಮಾತಾಡಿದವ ನಾನು, ಸಾಲಹಳ್ಳಿ ಶಟ್ಟೆಪ್ಪ. ಆ ಕಡೆ ಮಾತಾಡಿದವರು ವೈಸರಾಯ ಸಾಹೇಬರು. "ನಿಮ್ಮ ಕಡೆ ಮಳಿ ಹೆಂಗೈತಿ ಶಟ್ಟೆಪ್ಪಾ" ಅಂತ ಅಚ್ಚ ಕನ್ನಡದಾಗ ಕೇಳಿದ್ರು. "ಹಸನಾಗೈತಿ, ನಿಮ್ಮ ಕಡೆ ಹೆಂಗ್ರಿ" ಅಂದೆ. ಆವಾಗ ನನಗ ಒಂಬತ್ತು ವರ್ಷ. ಊರಾಗ ಯಾರೂ ನಂಬಂಗಿಲ್ಲ, ಅದಕ್ಕ ಇಲ್ಲಿ ಬರದಿಡತೇನಿ.

ಡೈರಿ ರಾಮದುರ್ಗದ ಬೀಜದ ಅಂಗಡಿಯವ ಕೊಟ್ಟಿದ್ದು. ನಾನು ಕಲತದ್ದು ನಾಕನೇ ಇಯತ್ತೆ, ಆದ್ರ ಅಕ್ಷರ ಮುತ್ತು ಪೋಣಿಸಿದಂಗ. ನನ್ನ ಹೇಣತಿ ಗುರವ್ವಗ ಓದಾಕ ಬರಂಗಿಲ್ಲ. ಹಂಗಾಗಿ ಇದರಾಗ ಏನ ಬರದ್ರೂ ಚಿಂತಿಲ್ಲ.

ಇವತ್ತ ಊರಿಗೆ ಜೀಪು ಬಂದಿತ್ತು. ಟೆಲಿಫೋನ ಖಾತೆಯವರು. ಸಾಹೇಬ ಇನ್ನೂ ಮೂವತ್ತರ ಹುಡುಗ, ಸತ್ಯಪ್ಪ ಅಂತ, ನಮ್ಮ ನೇಸರಗಿಯವನೇ. ಕಂಬದ ಮ್ಯಾಲಿನ ತಾಮ್ರದ ತಂತಿ ಕಳ್ಳರ ಪಾಲಾಗಿ ಟ್ರಂಕ್ ಕಾಲು ಮೂರು ದಿವಸಕ್ಕ ಒಂದು ಹತ್ತವೊಲ್ದು. ಹಂಗಾಗಿ ಸರಕಾರ ತಂತಿನೇ ಬ್ಯಾಡ ಅಂದೈತಂತ. ಕಿತ್ತೂರ ಕಡೆ ಗುಡ್ಡದ ಮ್ಯಾಲೊಂದು, ಬೈಲಹೊಂಗಲ ಹತ್ತರ ಒಂದು, ಸವದತ್ತಿ ಗುಡ್ಡದಾಗೊಂದು, ಆಮ್ಯಾಲ ನಮ್ಮ ಸೀಮ್ಯಾಗೊಂದು ಕಬ್ಬಿಣದ ಗೋಪುರ ನಿಂದ್ರಸತಾರ. ಮಾತು ಗಾಳಿಯೊಳಗ ಒಂದರಿಂದ ಒಂದಕ್ಕ ಜಿಗಕೋತ ರಾಮದುರ್ಗ ಮುಟ್ಟತೈತಿ. ಮೈಕ್ರೋವೇವ್ ಅಂತ ಅದರ ಹೆಸರು.

"ಎಲ್ಲಾಕಿಂತ ಎತ್ತರದ ಜಾಗಾ ಯಾವುದರಿ ಕಾಕಾ" ಅಂತ ಸಾಹೇಬ ನನ್ನ ಕೇಳಿದ. ಊರಿಗೆ ಬಂದವರು ಮೊದಲು ನನ್ನನ್ನೇ ಕೇಳತಾರ. ನಾನು ಬಾಯಿ ತಗಿಯೂದರಾಗ ನಮ್ಮ ಚಿಕ್ಕಪ್ಪನ ಮಗ ನಿಜಗುಣಪ್ಪ ಕುಂಟಕೋತ ಮುಂದ ಬಂದು, "ನಮ್ಮ ತೋಳನ ಗುಡ್ಡ ಐತ್ರಿ ಸಾಹೇಬ್ರ" ಅಂದುಬಿಟ್ಟ.

ಹನ್ನೆರಡು ವರ್ಷದ ಹಿಂದ ಹೊಲ ಪಾಲಾಗಿ ವಾಟಣಿ ಆದಾಗ ದೊಡ್ಡವ ಅಂತ ಮೊದಲು ಆರಿಸಿದವ ನಾನು. ಹಳ್ಳದ ದಂಡಿ ಎರಿ ಹೊಲ ನಾನು ಇಟ್ಕೊಂಡು ತೋಳನ ಗುಡ್ಡ ಅವಗ ಹಾಕಿದೆ. "ಹಾವು, ಚೇಳು, ಕಲ್ಲು, ಮೂರೂ ನಿನಗ ನೋಡಪಾ" ಅಂತ ನಕ್ಕಿದ್ದೆ. ಅಂವಾನೂ ನಕ್ಕಿದ್ದ. ಈಗ ತಿಳೀತೈತಿ ಯಾಕ ನಕ್ಕ ಅಂತ. ಮೊದಲ ಗೊತ್ತಿತ್ತು ಮಗನಿಗೆ.

ಗುರುವಾರ, ೮ ಜನವರಿ

ಗೋಪುರ ಆದ್ರ ಅದರ ಬುಡಕ ಒಂದು ಖೋಲಿ, ಖೋಲ್ಯಾಗ ಎಂಜಿನ್ನು, ಎಂಜಿನ್ನಿಗೆ ಒಬ್ಬ ಕಾವಲಿನವ. ಸರಕಾರಿ ನೌಕರಿ, ಕಾಯಂ, ತಿಂಗಳಾ ತಿಂಗಳಾ ಪಗಾರ. ಜಾಗಾ ಕೊಟ್ಟ ಮನಿಯವರಿಗೇ ಆ ನೌಕರಿ ಶಿಫಾರಸು ಮಾಡತೇನಿ ಅಂದಾನ ಸಾಹೇಬ. ನಿಜಗುಣಿ ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬಿನ ಬಂಡಿ ಹೊಡಿಯಾಕ ಹೋಗಿ, ಬಂಡಿ ಮಗಚಿ, ಬಲಗಾಲು ಸೊಟ್ಟ ಮಾಡಿಕೊಂಡು ಬಂದು ಎರಡು ವರ್ಷ ಆತು. ಅವನ ಕೈಲಿ ನೇಗಿಲ ಹಿಡಿಯೂದು ಆಗಂಗಿಲ್ಲ. ಊರವರೆಲ್ಲ, ದೇವರು ಕಣ್ಣು ತೆರದ ನೋಡು, ಅನ್ನಾಕ ಹತ್ಯಾರ. ದೇವರ ಕಣ್ಣು ಅವನ ಮನಿ ಕಡೆನೇ ಯಾಕ ತೆರೀತಾವು ಅನ್ನೂದು ನನ್ನ ಪ್ರಶ್ನೆ.

ಎರಡು ಗುಡ್ಡದ ನಡುವ ಏನೂ ಅಡ್ಡ ಇಲ್ಲ ಅಂತ ಮೊದಲು ಖಾತ್ರಿ ಮಾಡಬೇಕಂತ. ಸಾಹೇಬ ಹೇಳಿದ ರೀತಿ ಹಿಂಗೈತಿ: ಮಾತಿನ ತೆರಿ ಗೌಂಡಿ ಹಿಡಿದ ದಾರದಂಗ ನೆಟ್ಟಗ ಹೋಗತೈತಿ, ಬಗ್ಗಂಗಿಲ್ಲ. ಬೆಳಕೂ ಹಂಗ. ಅದಕ್ಕ ಈ ಗುಡ್ಡದಾಗ ಒಬ್ಬ ಕನ್ನಡಿ ಹಿಡಿದು ಬಿಸಲು ಸವದತ್ತಿ ಕಡೆ ಹೊಡೀಬೇಕು. ಅಲ್ಲಿ ಸಾಹೇಬ ದುರ್ಬೀನು ಹಚ್ಚಿ ನೋಡಿ, ತಿರುಗಿ ಕನ್ನಡಿ ಹೊಡದು ಕಂಡತು ಅಂತ ತಿಳಸತಾನ. ಕನ್ನಡಿ ನಡುವ ಒಂದು ತೂತು. ತೂತಿಗೆ ಕಣ್ಣು ಹಚ್ಚಿ, ಸೂರ್ಯ ಸರದಂಗ ಕೂದಲೆಳಿಯಷ್ಟ ಕನ್ನಡಿ ಹೊಳ್ಳಿಸಕೋತ ನಿಂದ್ರಬೇಕು.

"ನಾನು ನಿಂದರತೇನಿ" ಅಂದೆ.

"ಬ್ಯಾಡ್ರಿ ಕಾಕಾ. ಇದಕ್ಕ ನಿಂತಲ್ಲೇ ನಿಲ್ಲೂ ಮನಷಾ ಬೇಕು. ನಿಮ್ಮನ್ನ ಮುಂಜಾನಿಂದ ನೋಡೀನಿ, ನೀವು ನಿಲ್ಲೂ ಪೈಕಿ ಅಲ್ಲ" ಅಂದ.

ನಿಜಗುಣಿನ್ನ ಆರಿಸಿದ. ದಿವಸಕ್ಕ ನಾಕು ರೂಪಾಯಿ. ಕುಂಟ ಇದ್ದದ್ದೇ ಅವಗ ಡಿಗ್ರಿ ಆತು.

ಶುಕ್ರವಾರ, ೯ ಜನವರಿ

ಖಾಕಿ ಟೊಪಗಿನೂ ಕೊಟ್ಟಾರ.

ಬುಧವಾರ, ೧೪ ಜನವರಿ, ಸಂಕ್ರಮಣ

ಎಳ್ಳು-ಬೆಲ್ಲ ಹಂಚಾಕ ನಿಜಗುಣಿ ಬಂದಿದ್ದ. ತಲಿ ಮ್ಯಾಲ ಟೊಪಗಿ. "ಹಬ್ಬದ ದಿವಸರೆ ತಗಿಯಪಾ, ತಲಿಗೆ ಗಾಳಿ ಆಡಲಿ" ಅಂದೆ. ತಗದು ತೊಡಿ ಮ್ಯಾಲ ಇಟ್ಕೊಂಡು ಕುಂತ, ಕೂಸಿನ್ನ ಕುಂದರಿಸಿಕೊಂಡಂಗ. ಗುರವ್ವ ಅವಗ ಎರಡು ಹೋಳಿಗಿ ಜಾಸ್ತಿ ಹಾಕಿದ್ಲು. ಎಣಸೇನಿ.

ನಿನ್ನಿ ನಾನೂ ಒಂದು ವ್ಯವಹಾರ ಮಾಡೇನಿ. ತೋಳನ ಗುಡ್ಡದ ಬಾಜೂಕ ಮುದಕವ್ವನ ಕರಿಗಲ್ಲ ದಿನ್ನಿ ಐತಲ್ಲ, ಅದನ್ನ ಕೊಂಡೆ. ಮುದಕವ್ವ ಕೈಯಾಗ ಜಪದ ಸರ ಹಿಡಿದ ಮುದಿಕಿ, ಆದ್ರ ಬಾಯಾಗ ದಲಾಲರ ಅಡತ್ಯಾ ಅಂಗಡಿ. ಸರಕಾರದವರು ಎತ್ತರದ ಜಾಗಾಕ್ಕ ಹತ್ತು ಸಾವಿರ ಕೊಡತಾರಂತ ಹೋದ ವಾರ ನಾನೇ ಚಾವಡ್ಯಾಗ ಹೇಳಿದ್ದೆ, ಬರೇ ಮಾತಿಗೆ. ಅದು ಮುದಿಕಿ ಕಿವಿಗೆ ಬಿದ್ದಿತ್ತು.

"ಹತ್ತು ಸಾವಿರ ಬರೂ ಮಾಲು, ಶಟ್ಟೆಪ್ಪಾ. ನೀನ ಹೇಳೀಯಂತಲ್ಲ."

"ಅದು ಚ್ಯಾಷ್ಟಿಗೆ ಹೇಳಿದ್ದು ಯವ್ವಾ."

"ಹಂಗಾರ ನೀ ಯಾಕ ಕೊಳ್ಳಾಕ ಬಂದಿ, ಚ್ಯಾಷ್ಟಿಗೇನು?"

ಕಡೀಕ ಇನ್ನೂರಕ್ಕ ಮುಗಸಿದೆ. ಅಗ್ಗ ಆತು. ಸಾಹೇಬ ದಿನ್ನಿ ನೋಡಿ, "ನಕಾಶಿ ಪ್ರಕಾರ ಆಗೂದಿಲ್ರಿ ಕಾಕಾ, ಆದ್ರೂ ಒಂದು ದಿವಸ ನೋಡೂಣು" ಅಂದಾನ. ನೋಡೂಣು ಅಂದ್ರ ಅರ್ಧ ಆದಂಗ.

ಗುರವ್ವನ ಕೊರಳಿನ ಬಂಗಾರದ ಬೋರಮಾಳದ ಕೊಂಡಿ ಸಡ್ಲಾಗಿತ್ತು. ರಾಮದುರ್ಗದ ಪತ್ತಾರನ ಕಡೆ ರಿಪೇರಿಗೆ ಕೊಟ್ಟೇನಿ.

ಮಂಗಳವಾರ, ೨೦ ಜನವರಿ

ಗುರವ್ವನ ತವರಿನ ನಿಲುಗನ್ನಡಿ ಹೊತಗೊಂಡು ದಿನ್ನಿ ಏರಿ ಹತ್ತಕ್ಕ ನಿಂತಾವ ಹನ್ನೆರಡರ ತನಕಾ ನಿಂತೆ. ಸವದತ್ತಿಂದ ಒಂದು ಕಿಡಿ ಬರಲಿಲ್ಲ. ನಿಂತಲ್ಲೇ ನಿಂತಿದ್ದೆ. ಇರಬಿ ಕಡಿದ್ರೂ ಅಲಗ್ಯಾಡಿಲ್ಲ. ಇದನ್ನ ಬರದಿಟ್ಟೇನಿ, ನಾಳಿ ಯಾರರೆ ಕೇಳಿದ್ರ ಇರಲಿ.

ಸಂಜೀಕ ಸಾಹೇಬ ಬಂದು ನಮ್ಮ ಕಟ್ಟಿ ಮ್ಯಾಲ ಕಾಗದ ಹಾಸಿದ. ಅದರಾಗ ಸವದತ್ತಿಂದ ನಮ್ಮ ಊರ ತನಕಾ ನೆಲ ಹೆಂಗ ಏರಿ ಇಳದೈತಿ ಅಂತ ಗೆರಿ ಹೊಡದಿದ್ದ. ಭೂಮಿನೇ ನಡುವ ಎತ್ತಿನ ಡುಬ್ಬದಂಗ ಎದ್ದೈತಂತ. ನನ್ನ ದಿನ್ನಿ ಅದರ ಮರಿಗೆ ಬೀಳತೈತಿ. ತೋಳನ ಗುಡ್ಡ ನನ್ನ ದಿನ್ನಿಗಿಂತ ನಲವತ್ತು ಫೂಟು ಎತ್ತರ, ಅದು ದಾಟಿ ನೋಡತೈತಿ.

"ಐವತ್ತು ವರ್ಷ ಈ ಭೂಮಿ ಮ್ಯಾಲ ಅಡ್ಡಾಡೇನಿ, ಡುಬ್ಬ ಕಂಡಿಲ್ಲ" ಅಂದೆ.

"ಎತ್ತಿನ ಮ್ಯಾಲ ಕುಂತ ನೊಣಕ್ಕ ಡುಬ್ಬ ಕಾಣಂಗಿಲ್ಲರಿ ಕಾಕಾ" ಅಂದ.

ಗುರವ್ವ ಒಳಗ ಬಾಯಿಗೆ ಸೆರಗು ಹಿಡಕೊಂಡು ನಕ್ಕಿದ್ದು ಕೇಳಿಸಿತು. ಅಕಿಗೆ ದಿನ್ನಿ ಕೊಂಡಿದ್ದು ಗೊತ್ತು, ಎಷ್ಟಕ್ಕ ಅನ್ನೂದು ಗೊತ್ತಿಲ್ಲ. ಮುನ್ನೂರು ಅಂತ ಹೇಳೇನಿ. ಮ್ಯಾಲ ನೂರು ಸ್ಟಾಂಪಿನ ಖರ್ಚು ಇತ್ತಲ್ಲ, ಹಂಗ.

ತೋಳನ ಗುಡ್ಡದ ಪರೀಕ್ಷಾ ೨೭ಕ್ಕ.

ಗುರುವಾರ, ೨೨ ಜನವರಿ

ನಿಜಗುಣಿ ದಿವಸಾ ಗುಡ್ಡ ಏರಿ ಕನ್ನಡಿ ಹಿಡಿಯೂದು ರೂಢಿ ಮಾಡಿಕೊಳ್ಳಾಕ ಹತ್ಯಾನ. ಕೋಲೂರಿ ಏರಾಕ ಅವಗ ಒಂದು ತಾಸು ಬೇಕು. ನನ್ನ ಹೊಲದಾಗ ನಿಂತ್ರ ಕಾಣತೈತಿ. ನಡುವ ಮೂರು ಕಡೆ ಕುಂದರತಾನ. ಇವತ್ತ ನಾಕು ಕಡೆ ಕುಂತ. ಕಸಾ ತಗಿಯೂದು ಬಿಟ್ಟು ಅದನ್ನೇ ನೋಡಕೋತ ನಿಂತಿದ್ದೆ, ಆಳು ಮಂದಿ ನಕ್ಕರು.

ಮಂಗಳವಾರ, ೨೭ ಜನವರಿ

ಇವತ್ತಿನ ಕೆಲಸ ಮಾಡಾಕ ಈ ನಾಕೂ ತಾಲೂಕಿನ್ಯಾಗ ಇನ್ನೊಬ್ಬಗ ತಲಿ ಸಾಲಂಗಿಲ್ಲ.

ನಮ್ಮ ಜೋಡೆತ್ತಿನ ಮೈಗೆ ಹೊಚ್ಚೂ ಜೂಲ ಗುರವ್ವ ಲಗ್ನಾದ ಹೊಸತಾಗಿ ಎರಡು ವರ್ಷ ಹೊಲದದ್ದು. ಕೆಂಪು ಅರಿಬಿ, ಅದರ ತುಂಬ ರೂಪಾಯಿ ಅಗಲದ ಕನ್ನಡಿ ಬಿಲ್ಲಿ, ಒಂದೊಂದಕ್ಕ ಎಂಬತ್ತಾರು. ಬೆಳಗಾಗೂದರಾಗ ಅದನ್ನ ತಗದು ಎತ್ತಿಗೆ ಹೊಚ್ಚಿದೆ. ಕೊರಳಿನ ಗೆಜ್ಜಿ ಬಿಚ್ಚಿ ಗ್ವಾದಲ್ಯಾಗ ಇಟ್ಟೆ.

ಗುರವ್ವ ಸಗಣಿ ಕೈಲೆ ಬಂದು ನಿಂತಳು. "ಕಾರಹುಣ್ಣಿವಿ ಅಲ್ಲ, ಬಸವ ಜಯಂತಿ ಅಲ್ಲ. ಎತ್ತಿಗೆ ಏನ ಲಗ್ನ ಇಟ್ಟೀರಿ?"

"ಜೂಲಕ್ಕ ನುಸಿ ಹತ್ತತೈತಿ, ಬಿಸಲು ಕಾಸಾಕ."

"ಬಿಸಲು ಕಾಸಾಕ ಹಗ್ಗದ ಮ್ಯಾಲ ಹಾಕತಾರ, ಎತ್ತಿನ ಮ್ಯಾಲಲ್ಲ. ಮತ್ತ ಜೂಲ ಹೊಚ್ಚಿ ಗೆಜ್ಜಿ ಬಿಚ್ಚಿದ್ದು ಎಲ್ಲ್ಯರೆ ಕಂಡೀರೇನು?"

ತೋಳನ ಗುಡ್ಡದ ಹಿಂದಿನ ದಾರಿಲೆ ಎತ್ತು ಏರಿಸಿದೆ. ನಿಜಗುಣಿ ನೆತ್ತಿ ಮ್ಯಾಲ ಸವದತ್ತಿ ಕಡೆ ಮಾರಿ ಮಾಡಿ, ತೂತಿಗೆ ಕಣ್ಣು ಹಚ್ಚಿ ನಿಂತಿದ್ದ. ಹಿಂದ ಕಳ್ಳಿ ಸಾಲು. ಆ ಸಾಲಿನ ಈಚಿಂದ ಹತ್ತಕ್ಕ ಸರಿಯಾಗಿ ಎತ್ತು ಹೊಡಕೋತ ಅಡ್ಡಾಡಿದೆ, ಮ್ಯಾಲ ಕೆಳಗ, ಮ್ಯಾಲ ಕೆಳಗ. ನೂರಾ ಎಪ್ಪತ್ತೆರಡು ಕನ್ನಡಿ. ಗುಡ್ಡದ ತುಂಬ ಬೆಳಕು ಕಾಳು ಚೆಲ್ಲಿದಂಗ ಆತು. ಅಂವಾ ತಿರುಗಿ ನೋಡಲಿಲ್ಲ. ನೋಡಂಗಿದ್ದಿಲ್ಲ, ಕಣ್ಣು ತಗಿಬ್ಯಾಡ ಅಂತ ಸಾಹೇಬನ ಹುಕುಮ್ ಇತ್ತು. ಹನ್ನೊಂದರ ತನಕಾ ಒಂಟಿಗಾಲಿನ ಮ್ಯಾಲ ಭಾರ ಹಾಕಿ ಹಂಗ ನಿಂತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು.

ಇಳದು ಬಂದು ಎರಡು ತಂಬಿಗಿ ಮಜ್ಜಿಗಿ ಕುಡದೆ. ಭಾಳ ಚಲೋ ಅನಿಸೇತಿ.

ಬುಧವಾರ, ೨೮ ಜನವರಿ

ಸಾಹೇಬ ಜೀಪಿನ್ಯಾಗ ಬಂದಿದ್ದ. ಗುಡ್ಡದಾಗ ಬೆಳಕು ಒಂದು ಕಡೆ ನಿಲ್ಲಲಿಲ್ಲ, ಯಾವುದು ಕನ್ನಡಿ ಯಾವುದು ಅಲ್ಲ ತಿಳೀಲಿಲ್ಲ, ಹಂಗಾಗಿ ಕೋನ ಅಳಿಯಾಕ ಆಗಲಿಲ್ಲ ಅಂದ. ಫೆಬ್ರವರಿ ಹತ್ತರೊಳಗ ಕಾಗದ ಬೆಂಗಳೂರಿಗೆ ಹೋಗಬೇಕಂತ. ಇಲ್ಲಿಂದ ಎರಡು ಹರದಾರಿ ಆಚೆಗೆ ಇನ್ನೊಂದು ಊರಿನ ಗುಡ್ಡ ನಕಾಶ್ಯಾಗ ಗುರ್ತು ಹಾಕ್ಯಾನ. ತೋಳನ ಗುಡ್ಡ ಹೋತು. ನಿಜಗುಣಿ ನೌಕರಿನೂ ಹೋತು.

ನಾನು ನಗಬೇಕಾಗಿತ್ತು. ಅಷ್ಟರಾಗ ನಿಜಗುಣಿ ಮನಿಗೆ ಬಂದ. ಟೊಪಗಿ ಇದ್ದಿಲ್ಲ, ಸಾಹೇಬಗ ತಿರುಗಿ ಕೊಟ್ಟಿದ್ದ. ಕಂಬಕ್ಕ ಆತು ಕುಂತ.

"ಯಣ್ಣಾ, ನನ್ನ ಕೈ ನಡುಗಿತು" ಅಂದ. "ನನಗ ನಡುಗಿದ್ದು ಗೊತ್ತ ಆಗಲಿಲ್ಲ. ಕಾಲು ಸೋತಿತ್ತು, ಅದರ ಕೂಡ ಕೈ ನಡುಗೇತಿ. ಬೆಳಕ ಹಾರ್‍ಯಾಡಿತಂತ. ನಮ್ಮ ಮನೆತನದ ಹೆಸರು ಕೆಡಿಸಿದೆ ನೋಡು. ನೀ ನಿಂತಿದ್ರ ಹಿಂಗ ಆಗತಿದ್ದಿಲ್ಲ."

ಎಲಿ ಅಡಕಿ ತಟ್ಟಿ ಮುಂದ ಸರಸಿದೆ. ಅಂವಾ ಮುಟ್ಟಲಿಲ್ಲ.

ಶುಕ್ರವಾರ, ೩೦ ಜನವರಿ

ಚಾವಡ್ಯಾಗ ಎಲ್ಲಾರೂ ಅದನ್ನೇ ಮಾತಾಡಾಕ ಹತ್ಯಾರ. ನಿಜಗುಣಪ್ಪನ ಕೈ ನಡುಗಿತಂತ, ಪಾಪ, ನಿಜಗುಣಪ್ಪ ಗೋಪುರ ಕಳದನಂತ. ಮಾಳಪ್ಪ ಅಂತೂ, "ಇಪ್ಪತ್ತು ಮೈಲು ದೂರ ಕಾಣೂವಂಗ ನಡುಗಬೇಕಾದ್ರ ಎಂಥಾ ಕೈ ಇರಬೇಕು" ಅಂದ. ಎಲ್ಲಾರೂ ಹೌದಂದ್ರು.

ಇದ್ಯಾವ ನ್ಯಾಯ. ಎತ್ತು ನನ್ನವು. ಜೂಲ ನಮ್ಮ ಮನೀದು. ಯುಕ್ತಿ ನನ್ನದು. ಸರಕಾರದ ದುರ್ಬೀನಿಗೆ ಮಣ್ಣು ತಿನಿಸಿದವ ನಾನು. ಹೆಸರು ಅವಗ. ಗುಡ್ಡನೂ ಅವನದು, ಟೊಪಗಿನೂ ಅವನದು, ಹೋಳಿಗಿನೂ ಅವನದು, ಈಗ ನಾ ಮಾಡಿದ ತಪ್ಪೂ ಅವನದಾತು. ಆ ಮನಷಾ ನನಗಂತ ಏನೂ ಉಳಿಸಂಗಿಲ್ಲ.

ಊಟ ಸೇರವೊಲ್ದು. ಮೆಣಸಿನಕಾಯಿ ಚಟ್ನಿ ಸಪ್ಪಗ ಹತ್ತಾಕ ಹತ್ತೇತಿ.

ಸೋಮವಾರ, ೨ ಫೆಬ್ರವರಿ

ಸವದತ್ತಿಗೆ ಹೋಗಿ ಬಂದೆ. ಬಸ್ಸಿನ್ಯಾಗ ನಿಂತ ಹೋಗಿದ್ದು. ಸಾಹೇಬ ಬಂಗ್ಲೆ ಮುಂದ ಸಾಮಾನು ಕಟ್ಟಸಾಕ ಹತ್ತಿದ್ದ.

"ಆವತ್ತಿನ ಬೆಳಕು ನಿಜಗುಣಿದಲ್ರಿ, ನನ್ನದು" ಅಂದೆ. ಜೂಲದ ಸಂಗತಿ ಪೂರಾ ಹೇಳಿದೆ, ಕನ್ನಡಿ ಲೆಕ್ಕ ಸಹಿತ.

ಸಾಹೇಬ ನಕ್ಕ. "ಕಾಕಾ, ತಮ್ಮನ ಸಲುವಾಗಿ ಸುಳ್ಳು ಹೇಳಾಕ ಇಷ್ಟ ದೂರ ಬಂದ್ರೇನು? ದೊಡ್ಡ ಮನಸು ನಿಮ್ಮದು."

"ಸುಳ್ಳಲ್ರಿ, ಖರೇ."

"ವೈಸರಾಯರ ಕೂಡ ಫೋನಿನ್ಯಾಗ ಮಾತಾಡಿದ್ದೂ ಖರೇ ಅಂದಿದ್ರಿ."

ಇಷ್ಟ ವರ್ಷ ನಾ ಹೇಳಿದ್ದನ್ನ ಅರ್ಧಾ ಮಂದಿ ನಂಬತಿದ್ರು. ಇವತ್ತ ಒಂದು ಮಾತು ದೇವರ ಮುಟ್ಟಿ ಆಣಿ ಮಾಡಿದಂಗ ಹೇಳಿದ್ರ ಒಬ್ಬನೂ ನಂಬವೊಲ್ಲ. ಮ್ಯಾಲ ತಮ್ಮನ ಸಲುವಾಗಿ ಬಂದೇನಿ ಅಂತ ತಿಳದಾನ. ಅವನ ಸಲುವಾಗಿ ಯಾರು ಬರತಾರ? ನನ್ನ ಕೆಲಸಾ ನನ್ನ ಹೆಸರಿಗೆ ಬರೀರಿ ಅನ್ನಾಕ ಬಂದಿದ್ದೆ. ಹಂಗಂತ ಜಗಳಾ ತಗದೆ. ಕಡೀಕ ಸಾಹೇಬ, "ಆತು, ಗುರುವಾರ ಹತ್ತಕ್ಕ ನಾ ಇಲ್ಲಿ ದುರ್ಬೀನು ಹಚ್ಚತೇನಿ. ಮೊದಲು ಎತ್ತು ಅಡ್ಡಾಡಿಸ್ರಿ. ಆಮ್ಯಾಲ ಎತ್ತು ಇಳಿಸ್ರಿ. ನಿಜಗುಣಪ್ಪ ಕನ್ನಡಿ ಹಿಡಿಲಿ. ಎರಡೂ ನೋಡತೇನಿ" ಅಂದ. ಕನ್ನಡಿ ನನ್ನ ಕೈಯಾಗ ಕೊಟ್ಟ. ಟೊಪಗಿನೂ.

ಬಸ್ಸಿನ್ಯಾಗ ಟೊಪಗಿ ಒಮ್ಮೆ ಹಾಕ್ಕೊಂಡು ನೋಡಿದೆ. ಸಣ್ಣದು ಆಗತೈತಿ.

ಗುರುವಾರ, ೫ ಫೆಬ್ರವರಿ

ಎತ್ತಿಗೆ ಜೂಲ ಹೊಚ್ಚಿದೆ. ಇವತ್ತ ಗೆಜ್ಜಿ ಕಟ್ಟಿದೆ. ಗುರವ್ವ ನೋಡಿದ್ಲು. ಜೂಲದ ಒಂದು ಮೂಲಿ ಮಡಚಿತ್ತು, ಬಂದು ಸರಿ ಮಾಡಿ ಹೋದಳು.

ಊರ ನಡುವಿನ ದಾರಿಲೇ ಹೊಡಕೊಂಡು ಹೋದೆ. ಗೆಜ್ಜಿ ಸಪ್ಪಳಕ್ಕ ಮಂದಿ ಹೊರಗ ಬಂತು. "ಯಾವ ಹಬ್ಬ ಕಾಕಾ" ಅಂದ್ರು. ನಿಜಗುಣಿ ಕನ್ನಡಿ ತಗೊಂಡು ಬೆಳಗಾಗೂದರಾಗೇ ಗುಡ್ಡ ಏರಿದ್ದ. ಅವಗ ಇನ್ನೊಂದು ಸಲ ಪರೀಕ್ಷಾ ಅಂತಷ್ಟ ಹೇಳಿದ್ದೆ. ಎತ್ತು ನೆತ್ತಿ ಮ್ಯಾಲ ಬಂದ ಕೂಡಲೇ ಅಂವಾ ಜೂಲ ನೋಡಿದ. ಸವದತ್ತಿ ಕಡೆ ನೋಡಿದ. ಮತ್ತ ಜೂಲ ನೋಡಿದ. ನಾ ಏನೂ ಹೇಳೂದು ಬೇಕಾಗಲಿಲ್ಲ. ಅವನ ಮುಂದ, ಗುಡ್ಡದ ಬುಡಕ ನಿಂತ ಊರ ಮುಂದ, ಹತ್ತರಿಂದ ಹತ್ತೂಕಾಲ ತನಕಾ ಎತ್ತು ಅಡ್ಡಾಡಿಸಿದೆ. ಅಷ್ಟ ಉದ್ದದ ಹದಿನೈದು ನಿಮಿಷ ನನ್ನ ಆಯುಷ್ಯದಾಗ ಇಲ್ಲ.

ಎತ್ತು ಕೆಳಗ ಕಟ್ಟಿ ತಿರುಗಿ ಏರಿ ಬಂದೆ. ಬೈತಾನ ಅಂತ ತಿಳದಿದ್ದೆ, ಬೈಗಳಕ್ಕ ಉತ್ತರಾನೂ ಹೊಂದಿಸಿ ಇಟ್ಟಿದ್ದೆ.

"ಎತ್ತಿಗೆ ನೀರು ಕುಡಿಸಿದೇನು ಯಣ್ಣಾ?" ಅಂದ. "ಬಿಸಲಾಗ ಭಾಳ ಹೊತ್ತು ನಿಂತಾವು."

ಆಮ್ಯಾಲ ತೂತಿಗೆ ಕಣ್ಣು ಹಚ್ಚಿದ. ಕಾಲು ಸೋಲಬಾರದು ಅಂತ ಅವನ ಬಲಕ್ಕ ಹೆಗಲು ಕೊಟ್ಟು ನಿಂತೆ. ಪರೀಕ್ಷಾ ಕೆಟ್ಟರ ಮತ್ತ ತನ್ನ ಕೈ ಅಂದಾನು ಅಂತ, ಮತ್ತೇನಿಲ್ಲ. ಹತ್ತೂವರಿಗೆ ಸವದತ್ತಿ ಗುಡ್ಡದ ನೆತ್ತಿ ಮ್ಯಾಲ ಜೋಳದ ಕಾಳಿನಷ್ಟು ಬೆಳಕು ಹತ್ತಿತು. ಆರಿತು. ಹತ್ತಿತು. ಮೂರು ಸಲ. ಕಂಡತು ಅಂತ ಅದರ ಅರ್ಥ.

ನಡುವ ಡುಬ್ಬ ಐತಿ. ಅದನ್ನ ದಾಟಿ ಬಂತು.

ಅವನ ಭಾರ ಪೂರಾ ನನ್ನ ಹೆಗಲ ಮ್ಯಾಲಿತ್ತು. ಒಣಕಲು ಮನಷಾ, ಅಂಥಾ ಭಾರೇನಿಲ್ಲ.

ಮಂಗಳವಾರ, ೧೬ ಮಾರ್ಚ್

ತೋಳನ ಗುಡ್ಡ ಪಾಸಾತು. ನಿಜಗುಣಿಗೆ ಹುಕುಮ್ ಬಂದು ಎರಡು ವಾರಾತು. ಮೊದಲು ನನಗ ಓದಿಸಿದ. ತಿಂಗಳಿಗೆ ನೂರಾ ಎಂಬತ್ತು ರೂಪಾಯಿ. ಎರಡು ಸಲ ಓದಿದೆ, ಅಂಕಿ ಬದಲಾಗಲಿಲ್ಲ. ಹೊಟ್ಟಿಯೊಳಗ ಬೆಂಕಿ ಇಟ್ಟಂಗ ಆತು. ಇಷ್ಟು ದಿವಸಾದ್ರೂ ಅದು ಹೋಗಿಲ್ಲ, ಹೋಗೂದೂ ಇಲ್ಲ. ಚಾವಡ್ಯಾಗ ಈಗ ನನ್ನ ಎದುರು ಕಂಡ್ರ, "ಕಾಕಾ, ಎತ್ತಿನ ಫೋನು ಹೆಂಗೈತಿ" ಅಂತಾರ. ಅಂದ್ಕೊಳ್ಳವಲ್ರ್ಯಾಕ. ಹೆಸರು ನನ್ನದು ಬಂತು.

ದಿವಸಾ ಮುಂಜಾನಿ ಅವಗ ಗುಡ್ಡ ಏರಾಕ ಒಂದು ತಾಸು ಹಿಡಿಯೂದು ನೋಡಾಕ ಬ್ಯಾಸರಾಗತೈತಿ. ಬಂಡಿಲೆ ಬಿಟ್ಟು ಬರತೇನಿ. ನನ್ನ ದಿನ್ನಿ ಮ್ಯಾಲಿಂದ ಬಂಡಿ ಹೋಗೂವಂಗ ಒಂದು ದಾರಿನೂ ಮಾಡೇನಿ. ಆ ದಿನ್ನಿ ಮತ್ಯಾತಕ್ಕ ಬರತೈತಿ.

ಇವತ್ತ ಬಂಡ್ಯಾಗ ಕುಂತು ಕೇಳಿದ. "ಯಣ್ಣಾ, ಈ ದಿನ್ನಿ ಎಷ್ಟಕ್ಕ ಹಿಡಿದಿ?"

"ಇನ್ನೂರಕ್ಕ."

ಸ್ವಲ್ಪ ದೂರ ಹೋದ ಮ್ಯಾಲ ಅಂದ: "ಹೋದ ವರ್ಷ ಮುದಕವ್ವ ನನಗ ನೂರಕ್ಕ ಕೊಡತೇನಿ ಅಂದಿದ್ಲು. ಇನ್ನೂರಂದ್ರ ಅಂಥಾ ಹೆಚ್ಚೇನಿಲ್ಲ ಬಿಡು." ಅವಗ ಗೊತ್ತೈತಿ. ಗೊತ್ತಿದ್ದೂ ಇನ್ನೂರರ ಮ್ಯಾಲೇ ನಿಂತ. ಅದರಾಗೂ ನನ್ನ ಗೆದ್ದ.

ಮನಿಗೆ ಬಂದ್ರ ಗುರವ್ವ ಜೂಲ ಮಡಚಿ ಇಡಾಕ ಹತ್ತಿದ್ಲು. "ಎರಡು ತಿಂಗಳಾತು, ಆ ಪತ್ತಾರ ಬೋರಮಾಳದ ಕೊಂಡಿ ಕೂಡಸಾಕ ಹತ್ಯಾನೋ, ಬಂಗಾರ ಬೆಳಿಯಾಕ ಹತ್ಯಾನೋ?" ಅಂದಳು. ಅಂದು ನನ್ನ ಮಾರಿ ನೋಡಲಿಲ್ಲ, ಜೂಲದ ಕನ್ನಡಿ ಒರಸಕೋತ ಕುಂತಳು.

ಅಕಿಗೆ ಓದಾಕ ಬರಂಗಿಲ್ಲ. ಸಂಜೀಕ ದೀಪಾ ಹಚ್ಚಿದ ಮ್ಯಾಲ ನಾನೇ ಈ ಡೈರಿ ಅಕಿಗೆ ಓದಿ ಹೇಳಬೇಕು. ಅದಕ್ಕ ಮೊದಲು ಇಲ್ಲಿ ಸರಿಯಾಗಿ ಬರದಿಡತೇನಿ, ಓದೂ ಮುಂದ ಮಾತು ಹೊಳ್ಳಬಾರದು. ಬೋರಮಾಳ ರಿಪೇರಿಗೆ ಹೋಗಿಲ್ಲ, ಮಾರೇನಿ. ದಿನ್ನಿ ಇನ್ನೂರಕ್ಕ ಅಲ್ಲ, ಮುನ್ನೂರಕ್ಕೂ ಅಲ್ಲ. ಮುದಕವ್ವನ ಕೈಯಾಗ ಎಣಿಸಿ ಕೊಟ್ಟದ್ದು ಸಾವಿರದ ಮುನ್ನೂರಾ ಎಪ್ಪತ್ತು ರೂಪಾಯಿ.